ಏಳು ಕೆರೆಗೆ ನಲವತ್ತೊಂಬತ್ತು ಮೆಟ್ಟಿಲು

ಏಳರ ಮಗ್ಗಿ ಒಂದು ಇಲ್ಲದೇ ಹೋಗಿದ್ದರೆ ಪರ್ವತಯ್ಯ ಮೇಷ್ಟ್ರು ಎಪ್ಪತ್ತೊಂಬತ್ತನೇ ಇಸವಿಯ ಜೂನ್ ತಿಂಗಳಲ್ಲೇ ತಾವರೆಕೆರೆ ಸೇರಿಬಿಡುತ್ತಿದ್ದರು. ಎರಡರ ಮಗ್ಗಿ, ಐದರ ಮಗ್ಗಿ, ಹತ್ತರ ಮಗ್ಗಿ ಇವೆಲ್ಲ ಸಾಧು ಪ್ರಾಣಿಗಳು, ಯಾರ ತಂಟೆಗೂ ಹೋಗುವುದಿಲ್ಲ. ಈ ಏಳರದ್ದೇ ಕಿತಾಪತಿ.

ಗಿಡ್ಡಯ್ಯನಹಟ್ಟಿ ಅಂದರೆ ಮಿಡಿಗೇಶಿಯಿಂದ ಮೂರು ಮೈಲಿ ಆಚೆ, ಕುರಿ ಸಾಕುವವರ ಅರವತ್ತು ಮನೆಯ ಊರು. ಒಂದು ಕೋಣೆಯ ಶಾಲೆ, ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು. ಆ ಒಬ್ಬರಾಗಿ ಪರ್ವತಯ್ಯ ಆರು ವರ್ಷ ಕಳೆದಿದ್ದರು. ಹೆಂಡತಿ ಕಮಲಾಕ್ಷಮ್ಮ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿದ್ದಳು. ಶನಿವಾರ ಮೂರು ಬಸ್ಸು ಬದಲಿಸಿ ಮೇಷ್ಟ್ರು ಮನೆ ಮುಟ್ಟುವಷ್ಟರಲ್ಲಿ ಮೂರು ವರ್ಷದ ಮಗಳು ಮಲಗಿರುತ್ತಿದ್ದಳು. ಭಾನುವಾರ ಬೆಳಿಗ್ಗೆ ಎದ್ದು, ಬಚ್ಚಲ ಹತ್ತಿರ ಹಲ್ಲುಜ್ಜುತ್ತಿದ್ದ ಅಪ್ಪನನ್ನು ಕಂಡು, "ಅಮ್ಮಾ, ಮಾಮ ಬಂದವ್ರೆ" ಅನ್ನುತ್ತಿದ್ದಳು. ಮೊದಲ ಸಲ ಮನೆಯವರೆಲ್ಲ ನಕ್ಕರು. ನಾಲ್ಕನೇ ಸಲ ಮೇಷ್ಟ್ರು ಮುಖಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಎರಚಿಕೊಂಡರು.

ಅಂಥಾದ್ದರಲ್ಲಿ ತಾವರೆಕೆರೆ ಶಾಲೆಯಲ್ಲೇ ಒಂದು ಜಾಗ ಖಾಲಿ ಬಿತ್ತು. ವರ್ಗಾವಣೆ ಅರ್ಜಿ ಮಧುಗಿರಿ ಆಫೀಸು ಸೇರಲು ಕೊನೇ ದಿನ ಶುಕ್ರವಾರ, ಸಂಜೆ ಐದು ಗಂಟೆ. ಅದರ ಮೇಲೆ ಇನ್‌ಸ್ಪೆಕ್ಟರು ಜಯರಾಮಯ್ಯನವರ ಶಿಫಾರಸು ಇರಲೇಬೇಕು. ಮೇಷ್ಟ್ರು ಅರ್ಜಿ ಬರೆದು ಹಾಜರಿ ಪುಸ್ತಕದೊಳಗೆ ಬಚ್ಚಿಟ್ಟರು. ಹಟ್ಟಿಯವರಿಗೆ ಸುಳಿವು ಸಿಕ್ಕರೆ ಅಳುವುದು, ಕಾಲು ಹಿಡಿಯುವುದು, ಬಸ್ಸಿನ ಮುಂದೆ ಮಲಗುವುದು ಎಲ್ಲ ಆಗುತ್ತಿತ್ತು.

ದೇವರು ಕಣ್ಣುಬಿಟ್ಟ ಅಂದುಕೊಳ್ಳಿ, ಜಯರಾಮಯ್ಯನವರು ಅದೇ ಶುಕ್ರವಾರ ಹಟ್ಟಿ ಶಾಲೆಗೇ ಬರುವುದಾಗಿ ಕಾಗದ ಬಂತು. ಕಾರಣ ಒಂದು ಸುತ್ತೋಲೆ. ಪ್ರಾಥಮಿಕ ಶಾಲೆಗಳಲ್ಲಿ ಸಂಗೀತವನ್ನೂ ಜನಪದ ಕತೆಗಳನ್ನೂ ಬೆರೆಸಿ ಪಾಠ ಹೇಳತಕ್ಕದ್ದು ಎಂದು ಅದರಲ್ಲಿತ್ತು. ಯಾವ ಶಾಲೆಯಲ್ಲಿ ಯಾರು ಏನು ಬೆರೆಸಿದ್ದಾರೆ ಅಂತ ಸಾಹೇಬರು ಖುದ್ದಾಗಿ ನೋಡಬೇಕಿತ್ತು.

ಮೇಷ್ಟ್ರ ಕಂಠದ ಸುದ್ದಿ ಬೇಡ. ಪ್ರಾರ್ಥನೆಗೆ ಅವರು ದನಿಗೂಡಿಸಿದರೆ ಮಕ್ಕಳು ಪ್ರಾರ್ಥನೆ ಬಿಟ್ಟು ಅವರನ್ನೇ ನೋಡುತ್ತಿದ್ದರು. ಅದಕ್ಕೇ ಅವರು ಎರಡು ವಾರ ಮುಂಚೆ ಹಟ್ಟಿಯ ಕತೆಗಾರ್ತಿ ಕೆಂಪಕ್ಕನನ್ನು ಹಿಡಿದರು. ಎಪ್ಪತ್ತರ ಮುದುಕಿ, ಹಲ್ಲು ನಾಲ್ಕೇ, ಆದರೆ ದನಿ ಕಂಚು. ಬಾಯಾರಿದ ಮರಿಗೆ ನೀರು ತರಲು ಹೋಗುವ ಸಣ್ಣತಾಯಿ ಎಂಬ ಹುಡುಗಿಯ ಕತೆಯನ್ನು ಅವಳು ಹಾಡುತ್ತಿದ್ದಳು. ಕೆರೆ ಕಾಯುವ ಕೊಕ್ಕರೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಬೆಲೆ ಕೇಳುತ್ತದೆ, ಹುಡುಗಿ ಮೈಮೇಲಿದ್ದದ್ದನ್ನು ಒಂದೊಂದಾಗಿ ಬಿಚ್ಚಿಕೊಡುತ್ತಾಳೆ. ಕತೆಯಲ್ಲಿ ಇದ್ದದ್ದು ಮೂರು ಕೆರೆ, ಕೆರೆಗೆ ಮೂರು ಮೆಟ್ಟಿಲು.

"ಕೆಂಪಕ್ಕ, ಮಕ್ಕಳಿಗೆ ಏಳರ ಮಗ್ಗಿ ಸುತರಾಂ ಬರಲ್ಲ. ಏಳು ಕೆರೆ ಮಾಡು. ಕೆರೆಗೆ ಏಳು ಮೆಟ್ಲು ಮಾಡು" ಅಂದರು ಮೇಷ್ಟ್ರು.

"ಅಯ್ಯೋ, ಅದಕ್ಕೇನು ಮೇಷ್ಟ್ರೆ, ಕೆರೆ ತೋಡಾಕೆ ನಾನೇನ್ ಗುದ್ಲಿ ಹಿಡೀಬೇಕಾ?" ಅಂದಳು ಕೆಂಪಕ್ಕ, ಮಾಡಿಯೇ ಬಿಟ್ಟಳು.

ದಿನಕ್ಕೊಂದು ಕೆರೆಯಂತೆ ಹಾಡಿಸಿದರು. ಕೆರೆ ಮುಗಿದ ಕೂಡಲೇ ಮಕ್ಕಳು ಅದೇ ರಾಗದಲ್ಲಿ "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ಎಳೆಯುವರು. ಎರಡು ವಾರಕ್ಕೆ ಒಂದನೇ ಕ್ಲಾಸಿನ ಚಿಳ್ಳೆ ಪಿಳ್ಳೆಗಳಿಗೂ ಮಗ್ಗಿ ಕರತಲಾಮಲಕವಾಯಿತು. ಆದರೆ ಏಳೂ ಕೆರೆಯನ್ನು ಒಟ್ಟಿಗೆ ಹಾಡಿದರೆ ಎಷ್ಟು ಹೊತ್ತಾಗುತ್ತದೆ ಅಂತ ಯಾರೂ ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಸಾಹೇಬರ ಎದುರು ಒಂದು ಕೆರೆ ಹಾಡಿಸುವುದು, ಮಗ್ಗಿ ಹೇಳಿಸುವುದು, ರುಜು ಹಾಕಿಸುವುದು, ಮೂರೂವರೆ ಬಸ್ಸಿಗೆ ಸಾಹೇಬರನ್ನೂ ಅರ್ಜಿಯನ್ನೂ ಹತ್ತಿಸುವುದು. ಮೇಷ್ಟ್ರ ಲೆಕ್ಕ ಇಷ್ಟೇ.

ಶುಕ್ರವಾರ ಜಯರಾಮಯ್ಯನವರು ಬಂದರು. ಬೆಳಿಗ್ಗೆ ಪುಸ್ತಕಗಳನ್ನೆಲ್ಲ ನೋಡಿದರು. ಮೇಷ್ಟ್ರು ಅರ್ಜಿಯ ವಿಷಯ ಗುಟ್ಟಾಗಿ ಕಿವಿಗೆ ಹಾಕಿದಾಗ, ಪಾಠ ನೋಡಿ ಆಮೇಲೆ ಬರೆಯೋಣ ಅಂದರು. ಮಧ್ಯಾಹ್ನ ಹಟ್ಟಿ ಯಜಮಾನ ರಂಗಯ್ಯನ ಮನೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡರು. ಒಂದೂಮುಕ್ಕಾಲಿಗೆ ಕುರ್ಚಿಯಲ್ಲಿ ಕೂತು, "ನಡೀಲಿ" ಅಂದರು. ಕಿಟಕಿ ತುಂಬ ಹಟ್ಟಿಯವರ ತಲೆಗಳು.

ಕೆಂಪಕ್ಕ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಮೊದಲನೆ ಕೆರೆಯ ಮೊದಲನೆ ಮೆಟ್ಟಲ
ಇಳಿದು ನಿಂತಾಳೆ ಸಣ್ಣತಾಯಿ..."

ಕತೆ ಅಂದಮೇಲೆ ಎರಡು ಸಾಲಿಗೊಮ್ಮೆ ಯಾರಾದರೂ ಹೂಂಗುಟ್ಟಬೇಕು. ಆ ಕೆಲಸಕ್ಕೆ ಮೇಷ್ಟ್ರು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯನ್ನು ತಯಾರು ಮಾಡಿದ್ದರು. ಅವಳು ಬಾಯಿ ತೆರೆಯುವ ಮುಂಚೆಯೇ, ಮುದ್ದೆಯ ಭಾರಕ್ಕೋ ದನಿಯ ಸೊಗಸಿಗೋ, ಜಯರಾಮಯ್ಯನವರು ಕಣ್ಣು ಅರೆಮುಚ್ಚಿ ಗಂಭೀರವಾಗಿ ಅಂದರು:

"ಹೂಂ."

ಕಿಟಕಿಯಲ್ಲಿ ಗುಸುಗುಸು ಎದ್ದಿತು. ರಂಗಯ್ಯ ಓಡಿಬಂದು ಕುರ್ಚಿಯ ಮೇಲೆ ಕರಿಕಂಬಳಿ ಹಾಸಿ, ಕೈಮುಗಿದು ನಿಂತ.

"ನಮ್ ಪುಣ್ಯ ಸ್ವಾಮಿ! ಮೊದಲ್ನೇ ಹೂಂ ಅಂದೋರೇ ಕತೆಗೆ ಒಡೆಯರು. ಇನ್ನು ಮಂಗಳ ಹಾಡೋಗಂಟ ತಾವು ಈ ಹೊಸ್ತಿಲು ದಾಟಂಗಿಲ್ಲ. ಹೂಂ ಅನ್ನೋದು ಬುಟ್ಟು ಬ್ಯಾರೆ ಮಾತು ಆಡಂಗಿಲ್ಲ. ಆಡುದ್ರೆ ಕತೆ ಮತ್ತೆ ಮೊದಲಿಂದ."

ಜಯರಾಮಯ್ಯನವರು ಬೆಚ್ಚಿ ಮೇಷ್ಟ್ರ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಕಿಟಕಿಯ ತಲೆಗಳೆಲ್ಲ ಒಟ್ಟಿಗೆ ಮುಂದಕ್ಕೆ ಬಂದವು. ಸಾಹೇಬರು ಬಾಯಿ ಮುಚ್ಚಿಕೊಂಡರು.

"ಏನ ಕೊಡುತೀಯೆ ಸಣ್ಣತಾಯಿ, ನೀರಿಗೆ
ಏನ ಕೊಡುತೀಯೆ ಬರಿಗೈಲಿ..." ಕೆಂಪಕ್ಕ ನಿಲ್ಲಿಸಿ ಹುಬ್ಬೇರಿಸಿದಳು.

"ಹೂಂ" ಅಂದರು ಇನ್‌ಸ್ಪೆಕ್ಟರು.

ಮೊದಲ ಕೆರೆ ಮುಗಿದಾಗ ಮೇಷ್ಟ್ರು ಗಡಿಯಾರ ನೋಡಿದರು. ಹದಿನೇಳು ನಿಮಿಷ. ಹದಿನೇಳೇಳ್ಲ ನೂರ ಹತ್ತೊಂಬತ್ತು. ಒಂದೂಮುಕ್ಕಾಲಿಗೆ ನೂರ ಹತ್ತೊಂಬತ್ತು ನಿಮಿಷ ಕೂಡಿಸಿದರೆ ಮೂರು ನಲವತ್ನಾಲ್ಕು. ಬಸ್ಸು ಮೂರೂವರೆಗೆ. ಹದಿನಾಲ್ಕು ನಿಮಿಷ ತಡ. ಏಳೆರಡ್ಲ ಹದಿನಾಲ್ಕು! ಆ ಬಸ್ಸು ಬಿಟ್ಟರೆ ನಾಳೆ ಬೆಳಿಗ್ಗೆಯೇ. ಸಾಹೇಬರು ಹೋಗದಿದ್ದರೆ ಅರ್ಜಿಯೂ ಹೋಗುವುದಿಲ್ಲ. ಅರ್ಜಿ ಹೋಗದಿದ್ದರೆ ಇನ್ನೊಂದು ವರ್ಷ 'ಮಾಮ' ಅನ್ನಿಸಿಕೊಳ್ಳಬೇಕು.

ಅವರು ಮೆಲ್ಲಗೆ ಕೆಂಪಕ್ಕನ ಪಕ್ಕ ಕುಕ್ಕರಿಸಿದರು. "ಕೆಂಪಕ್ಕಾ, ನಿನ್ನ ದಮ್ಮಯ್ಯ, ಕೆರೆಗೆ ಎರಡೆರಡು ಮೆಟ್ಲು ಹಾರಿಸಮ್ಮ."

"ಹಾರ್ಸುದ್ರೆ ಹುಡುಗಿ ನೀರಿಗೆ ಬೀಳಾಕಿಲ್ವಾ?"

"ಈಜು ಬರುತ್ತೆ ಅಂತ ಹೇಳು."

ಕೆಂಪಕ್ಕ ಒಳ್ಳೆ ಹೆಂಗಸು, ಒಪ್ಪಿದಳು. ಎರಡನೇ ಕೆರೆಯ ಮೂರನೇ ಮೆಟ್ಟಿಲಾದ ಮೇಲೆ ನೇರವಾಗಿ ಆರಕ್ಕೆ ಇಳಿದಳು. ಇಳಿದಳೋ ಇಲ್ಲವೋ, ಮೂವತ್ತೆರಡು ಮಕ್ಕಳು ಎದ್ದು ನಿಂತು ಕಿರುಚಿದರು.

"ಅಜ್ಜೀ, ನಾಲ್ಕು ಐದು ಬುಟ್ಬುಟ್ಟೆ!"

"ಹತ್ತು ಆದ್ಮ್ಯಾಲೆ ಹದಿಮೂರು ಹೆಂಗ್ ಬತ್ತೈತಜ್ಜಿ?"

"ಲೆಕ್ಕ ತಪ್ತು ಸಾ! ಲೆಕ್ಕ ತಪ್ತು!"

ಆರು ವರ್ಷದಲ್ಲಿ ಈ ಮಕ್ಕಳು ಇಷ್ಟು ಚುರುಕಾಗಿ ಲೆಕ್ಕ ಹೇಳಿದ್ದನ್ನು ಮೇಷ್ಟ್ರು ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಇವತ್ತು ಹಲ್ಲು ಕಡಿದರು. ರಂಗಯ್ಯ ಮಕ್ಕಳ ಬೆನ್ನು ತಟ್ಟಿ, "ಕೇಳಿದ್ರಾ ಸ್ವಾಮಿ, ನಮ್ ಮಕ್ಕಳ ತಾವ ಮೋಸ ನಡ್ಯಾಕಿಲ್ಲ" ಅಂದ. ಸಾಹೇಬರು ಬೇರೆ ದಾರಿ ಕಾಣದೆ "ಹೂಂ" ಅಂದರು. ಕೆಂಪಕ್ಕ ನಾಲ್ಕನೇ ಮೆಟ್ಟಿಲಿಗೆ ವಾಪಸ್ಸು ಹತ್ತಿದಳು.

ಎರಡೂವರೆ ಆಯಿತು. ಮೂರು ಹೊಡೆಯಿತು. ಸಣ್ಣತಾಯಿ ಬಳೆ ಕೊಟ್ಟಳು, ಓಲೆ ಕೊಟ್ಟಳು, ಕಾಲುಂಗುರ, ಡಾಬು, ತಲೆಯ ಹೂವು, ತಿನ್ನಲು ಕಟ್ಟಿಕೊಂಡಿದ್ದ ರೊಟ್ಟಿ ಎಲ್ಲ ಕೊಟ್ಟಳು. ಐದನೇ ಕೆರೆಗೆ ಬರುವಾಗ ಅವಳ ಹತ್ತಿರ ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಮೂರು ಕೆರೆಗೆಂದು ಒಡವೆ ಹಾಕಿಕೊಂಡು ಬಂದ ಹುಡುಗಿ, ಪಾಪ, ಏಳು ಕೆರೆಗೆ ಎಲ್ಲಿಂದ ತಂದಾಳು? ಕೆಂಪಕ್ಕ ಹಟ್ಟಿಯ ಮನೆಮನೆ ಸಾಮಾನನ್ನು ಕತೆಗೆ ತಂದಳು. ರಂಗಯ್ಯನ ಮನೆಯ ಒನಕೆಯೂ ಕೊಕ್ಕರೆ ಪಾಲಾಯಿತು. ಕಿಟಕಿಯಲ್ಲಿ ನಗುವೋ ನಗು. ಜಯರಾಮಯ್ಯನವರು ಮಾತ್ರ ಎಡಗೈ ಗಡಿಯಾರವನ್ನು ಮೇಷ್ಟ್ರತ್ತ ತಿರುಗಿಸಿ ಕಣ್ಣು ಕೆಂಪಗೆ ಮಾಡಿದರು. ಮಗ್ಗಿ ಕೇಳಿ ಅರಳಿದ ಮುಖ, ಗಡಿಯಾರ ನೋಡಿ ಕಪ್ಪಾಗುತ್ತಿತ್ತು. ಇನ್ನು ಸ್ವಲ್ಪ ತಡವಾದರೆ ಶಿಫಾರಸಿನ ಜಾಗದಲ್ಲಿ ಏನು ಬರೆದಾರೋ ಎಂದು ಮೇಷ್ಟ್ರು ಹೆದರಿದರು.

ಆರನೇ ಕೆರೆ ಮುಗಿಯುವುದಕ್ಕೂ ದೂರದಲ್ಲಿ ಬಸ್ಸಿನ ಹಾರನ್ನು ಕೇಳುವುದಕ್ಕೂ ಸರಿಹೋಯಿತು. ಮೂರು ಇಪ್ಪತ್ತೇಳು. ಮೇಷ್ಟ್ರು ರಂಗಯ್ಯನ ಕೈ ಹಿಡಿದುಕೊಂಡರು.

"ಯಜಮಾನ್ರೇ, ಸಾಹೇಬ್ರು ಹೋಗಲೇಬೇಕು. ಏನಾದ್ರೂ ಮಾಡಿ!"

"ಅದಕ್ಯಾಕೆ ಇಷ್ಟ್ ಗಾಬ್ರಿ? ಎಲೆ ಅಡಿಕೆ ಕೊಟ್ಟು ಹೂಂ ಬ್ಯಾರೆಯೋರಿಗೆ ವಹಿಸಿದ್ರಾಯ್ತು" ಅಂದ ರಂಗಯ್ಯ.

"ಮೊದ್ಲೇ ಹೇಳಬಾರದಾ?"

"ನೀವು ಕೇಳುದ್ರಾ?"

ರಂಗಯ್ಯ ಸೊಂಟದ ಚೀಲ ಬಿಚ್ಚಿ ಎರಡು ಎಲೆ, ಒಂದು ಅಡಿಕೆ ತೆಗೆದು ಸಾಹೇಬರ ಕೈಗಿಟ್ಟ. ಸಾಹೇಬರು ಅತ್ತಿತ್ತ ನೋಡಲೇ ಇಲ್ಲ. ಬಿಸಿ ಕೆಂಡ ಮುಟ್ಟಿದವರಂತೆ ಅದನ್ನು ಎದುರಿಗಿದ್ದ ಪರ್ವತಯ್ಯ ಮೇಷ್ಟ್ರ ಅಂಗೈಗೆ ಒತ್ತಿ, "ಅಬ್ಬಾ!" ಅಂದು ಎದ್ದು ನಿಂತರು.

"ಏಳನೆ ಕೆರೆಯ ಮೊದಲನೆ ಮೆಟ್ಟಲ
ಇಳಿದು ನಿಂತಾಳೆ ಸಣ್ಣತಾಯಿ..." ಕೆಂಪಕ್ಕ ಈಗ ಮೇಷ್ಟ್ರ ಕಡೆ ತಿರುಗಿ ಹುಬ್ಬೇರಿಸಿದಳು.

"ಹೂಂ" ಅಂದರು ಮೇಷ್ಟ್ರು.

ಬಸ್ಸು ಬಂದು ಶಾಲೆ ಮುಂದಿನ ಹುಣಸೆ ಮರದಡಿ ತಿರುಗಿಸಿಕೊಂಡಿತು. ಕಂಡಕ್ಟರ್ ದಾಸಣ್ಣ ಬಾಗಿಲಿಗೆ ಬಂದು, "ಬತ್ತೀರಾ ಸಾ? ಐದೇ ನಿಮಿಷ" ಅಂದ.

ಮಾತು ವಾಪಸ್ಸು ಬಂದ ಖುಷಿಗೆ ಜಯರಾಮಯ್ಯನವರ ಸಿಟ್ಟೆಲ್ಲ ಇಳಿದುಹೋಗಿತ್ತು. "ಪರ್ವತಯ್ಯ, ಏನ್ರೀ ಇದು! ಇಡೀ ತಾಲ್ಲೂಕು ಸುತ್ತಿದ್ದೀನಿ, ಏಳರ ಮಗ್ಗಿನ ಹಿಂಗೆ ಹಾಡೋ ಮಕ್ಕಳನ್ನ ಕಂಡಿಲ್ಲ. ಶಭಾಷ್! ಎಲ್ಲಿ ನಿಮ್ಮ ಅರ್ಜಿ?" ಮೇಷ್ಟ್ರು ಗಡಬಡಿಸಿ ಹಾಜರಿ ಪುಸ್ತಕದಿಂದ ಅರ್ಜಿ ಎಳೆದು ಕೊಟ್ಟರು. ಸಾಹೇಬರು ಪೆನ್ನಿನ ಟೋಪಿ ತೆಗೆದರು. "ತಾವರೆಕೆರೆಗೆ ಅಲ್ವೇ?"

"...ಕೊಕ್ಕರೆ ಕೇಳೀತೊ ಕತ್ತನು ಚಾಚಿ" ಅಂತ ಕೆಂಪಕ್ಕ ನಿಲ್ಲಿಸಿದಳು.

"ಹೂಂ!" ಎರಡಕ್ಕೂ ಒಂದೇ ಉತ್ತರ. ಮೇಷ್ಟ್ರ ಎದೆ ಹಿಗ್ಗಿತು.

"ಹೆಂಡತಿ ಮಗು ಅಲ್ಲೇ ಇರೋದು?"

"ಹೂಂ!"

"ಪಾಪ, ಕಷ್ಟಾನೇ. ಬರೆದುಬಿಡ್ತೀನಿ." ಪೆನ್ನು ಕಾಗದಕ್ಕೆ ಇನ್ನೇನು ಮುಟ್ಟಬೇಕು, ರಂಗಯ್ಯ ಇಬ್ಬರ ನಡುವೆ ಬಂದು ನಿಂತ. ಅವನ ಮುಖ ಬಿಳಿಚಿಕೊಂಡಿತ್ತು.

"ಏನು ಸ್ವಾಮಿ ಅದು? ವರ್ಗಾನಾ? ನಮ್ ಮೇಷ್ಟ್ರುಗಾ?"

"ಅವರೇ ಅರ್ಜಿ ಹಾಕಿದಾರಪ್ಪ."

"ಎಲ್ಲಾದ್ರೂ ಉಂಟಾ! ಯಾರೋ ಬಲವಂತಕ್ಕೆ ಬರ್ಸವ್ರೆ. ಆರು ವರ್ಸ ನಮ್ ಮಕ್ಕಳ ಮೂಗು ಒರೆಸವ್ರೆ ಸ್ವಾಮಿ, ನಮಗೊಂದು ಮಾತು ಹೇಳ್ದೆ ಹೋಗ್ತಾರಾ?" ರಂಗಯ್ಯ ಮೇಷ್ಟ್ರ ಕಡೆ ತಿರುಗಿದ. "ನೀವೇ ಹೇಳಿ ಮೇಷ್ಟ್ರೆ. ಈ ಹಟ್ಟಿ ಮಕ್ಕಳನ್ನ ಬುಟ್ಟು ನಿಮಗೆ ಇರಾಕಾಗಾಕಿಲ್ಲ ತಾನೆ?"

ಅದೇ ಗಳಿಗೆಗೆ ಕೆಂಪಕ್ಕನ ಸಾಲು ಮುಗಿಯಿತು. ಅವಳು ಹುಬ್ಬೇರಿಸಿ ಕಾದಳು. ಕಿಟಕಿ ತುಂಬ ಕಣ್ಣು. ಮೇಷ್ಟ್ರ ತಲೆಯಲ್ಲಿ ಲೆಕ್ಕ ಗರಗರ ತಿರುಗಿತು. 'ಇಲ್ಲ' ಅಂದರೆ ಹೂಂ ಮುರಿಯಿತು, ಕತೆ ಮೊದಲನೇ ಕೆರೆಯಿಂದ, ಒಡೆಯರಾದ ಸಾಹೇಬರು ಮತ್ತೆ ಕುರ್ಚಿಗೆ, ಬಸ್ಸು ಮಧುಗಿರಿಗೆ, ಅರ್ಜಿ ಇಲ್ಲೇ. ಮೊದಲು ಈ ಸಾಲು ದಾಟಲಿ, ಆಮೇಲೆ ಹೇಗಾದರೂ ತಿಳಿಸೋಣ ಅಂದುಕೊಂಡರು.

"ಹೂಂ" ಅಂದರು, ಅನ್ನುತ್ತಲೇ ಎರಡೂ ಕೈಯನ್ನು ಬೇಡ ಬೇಡ ಎಂದು ಬೀಸಿದರು.

"ನೋಡುದ್ರಾ ಸ್ವಾಮಿ! ಹೊಗಳಬ್ಯಾಡಿ ಅಂತಾವ್ರೆ. ಎಂಥಾ ದೊಡ್ಡ ಗುಣ!" ರಂಗಯ್ಯ ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡ. ಕಿಟಕಿಯಲ್ಲಿ ಹೆಂಗಸರೂ ಮೂಗು ಸೀದಿದರು.

ಮೇಷ್ಟ್ರು ಕಪ್ಪುಹಲಗೆಗೆ ಹಾರಿದರು. ಚೂರು ಸೀಮೆಸುಣ್ಣ ಸಿಕ್ಕಿತು. ಹಿಂದೆ ಕೆಂಪಕ್ಕನ ಮುಂದಿನ ಸಾಲು ಓಡಿಬರುತ್ತಿತ್ತು. ದಪ್ಪ ಅಕ್ಷರದಲ್ಲಿ ಬರೆದರು: 'ನಾನು ಹೋಗಬೇಕು.'

ಜಯರಾಮಯ್ಯನವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ನಾನು... ಹೋಗಬೇಕು. ಅಯ್ಯೋ ಹೌದಲ್ರೀ! ಹೋಗಬೇಕು, ಮಾತಾಡ್ತಾ ನಿಂತುಬಿಟ್ಟೆ. ಇಂಥಾ ಹೊತ್ತಲ್ಲೂ ನನ್ನ ಬಸ್ಸಿನ ಚಿಂತೆ ನಿಮಗೆ."

ಹೊರಗೆ ದಾಸಣ್ಣ ಸೀಟಿ ಊದಿದ. "ಸಾ, ಬತ್ತೀರೋ ಬುಡ್ತೀರೋ?"

"ಬಂದೆ, ಬಂದೆ!" ಸಾಹೇಬರು ಹೊಸ್ತಿಲಿನ ಮೇಲೆ ನಿಂತೇ ಅರ್ಜಿಯನ್ನು ತೊಡೆಗೆ ಆನಿಸಿಕೊಂಡರು. "ಹಂಗಾದ್ರೆ ಪರ್ವತಯ್ಯ, ಊರವರ ಸಮಕ್ಷಮ ಸ್ವಇಚ್ಛೆಯಿಂದ ಅರ್ಜಿ ಹಿಂದಕ್ಕೆ ಪಡೆದಿರುತ್ತಾರೆ ಅಂತ ಬರೀಲಾ?"

"...ಮರಿಯ ನೆನೆದಾಳೆ, ಕಣ್ಣೀರ ಇಟ್ಟಾಳೆ
ಒಬ್ಬಳೆ ನಿಂತಾಳೆ ಸಣ್ಣತಾಯಿ..."

ಕೆಂಪಕ್ಕ ನಿಲ್ಲಿಸಿದಳು. ಮೇಷ್ಟ್ರು ಅವಳನ್ನು ನೋಡಿದರು, ಸಾಹೇಬರನ್ನು ನೋಡಿದರು, ಬಸ್ಸನ್ನು ನೋಡಿದರು. ಗಂಟಲಲ್ಲಿ 'ಇಲ್ಲ' ಬಂದು ಕೂತಿತ್ತು. ಅದನ್ನು ಬಿಟ್ಟರೆ ಬಸ್ಸು ಹೋಗುತ್ತದೆ, ಬಿಡದಿದ್ದರೆ ಅರ್ಜಿ ಹೋಗುತ್ತದೆ. ಯೋಚಿಸಲು ಇನ್ನೊಂದು ನಿಮಿಷ ಕೊಡಿ ಅನ್ನೋಣವೆಂದರೆ ಅದೂ ಮಾತೇ. ತಡವಾದದ್ದಕ್ಕೆ ಕೆಂಪಕ್ಕ ಹುಬ್ಬು ಇನ್ನಷ್ಟು ಮೇಲೇರಿಸಿದಳು. ಕಿಟಕಿಯಲ್ಲಿ ಯಾರೋ, "ಮುರೀತು, ಮುರೀತು" ಅಂದರು.

"ಹೂಂ!" ಅಂದುಬಿಟ್ಟರು ಮೇಷ್ಟ್ರು. ಅದು ಹೂಂಕಾರವೋ ಅಳುವೋ ಅವರಿಗೇ ತಿಳಿಯಲಿಲ್ಲ.

ಸಾಹೇಬರು ಸರಸರ ಬರೆದು, ಕೆಳಗೆ ಬಾಲ ಎಳೆದು ರುಜು ಹಾಕಿ, ಅರ್ಜಿಯನ್ನು ಬ್ಯಾಗಿಗೆ ಸೇರಿಸಿದರು. "ನಿಮ್ಮಂಥೋರು ಇರೋದಕ್ಕೇ ಮಳೆ ಬೆಳೆ ಆಗ್ತಿರೋದು" ಅಂದು ಬಸ್ಸು ಹತ್ತಿದರು. ಬಸ್ಸು ಧೂಳೆಬ್ಬಿಸಿ ಹೊರಟೇ ಹೋಯಿತು.

ಆರನೇ ಮೆಟ್ಟಿಲಾಯಿತು. ಏಳನೇ ಮೆಟ್ಟಿಲಾಯಿತು. ಕೊಕ್ಕರೆಗೆ ಕೊನೆಗೂ ದಯೆ ಬಂದು ಸಣ್ಣತಾಯಿಗೆ ಒಂದು ಕೊಡ ನೀರು ಬಿಟ್ಟಿತು. ಮಕ್ಕಳು "ಏಳೇಳ್ಲ ನಲವತ್ತೊಂಬತ್ತು" ಅಂತ ಮುಗಿಲು ಮುಟ್ಟುವಂತೆ ಹಾಡಿದರು. ಕೆಂಪಕ್ಕ ಮಂಗಳ ಹಾಡಿ ಕೈಮುಗಿದಳು. ಗಡಿಯಾರದಲ್ಲಿ ಮೂರು ನಲವತ್ನಾಲ್ಕು.

"ಇಲ್ಲ!" ಅಂತ ಕೂಗಿದರು ಮೇಷ್ಟ್ರು. ಹೊಸ್ತಿಲು ದಾಟಿ ಹುಣಸೆ ಮರದವರೆಗೂ ಓಡಿದರು. "ಇಲ್ಲ! ನಾನು ಹೇಳಿದ್ದು ಕತೆಗೆ! ನಾನು ಹೋಗಬೇಕು ರೀ, ನನ್ನ ಮಗಳು ನನ್ನ ಮಾಮ ಅಂತಾಳೆ!" ಬಸ್ಸು ಮಿಡಿಗೇಶಿ ಬೆಟ್ಟದ ಕಡೆ ಸಣ್ಣಗಾಗುತ್ತಿತ್ತು. ಮೇಷ್ಟ್ರು ಮರದ ಬೇರಿನ ಮೇಲೆ ಕುಸಿದು ಕೂತರು.

ಊರೆಲ್ಲ ಸುತ್ತ ನೆರೆಯಿತು. ರಂಗಯ್ಯ ಎದುರಿಗೆ ಕುಕ್ಕರಿಸಿ, ವಿಷಯವೆಲ್ಲ ಕೇಳಿ, ನಿಜವಾಗಿಯೂ ಮರುಗಿದ.

"ಅಲ್ಲ ಮೇಷ್ಟ್ರೆ, ಹೆಂಡ್ತಿ ಮಗೀನ ಇಚಾರ ಅಂದ್ರೆ ನಾವೇನ್ ಬ್ಯಾಡ ಅಂತಿದ್ವಾ? ಸಾಹೇಬ್ರು ಕೇಳ್ದಾಗ ಬಾಯಿ ಬುಟ್ಟು 'ಇಲ್ಲ, ಹೋಯ್ತೀನಿ' ಅನ್ಬಾರದಿತ್ತಾ?"

"ಹೆಂಗನ್ನಲಿ? ಹೂಂ ಮುರಿದ್ರೆ ಕತೆ ಮತ್ತೆ ಮೊದಲಿಂದ ಅಂದ್ರಲ್ಲ ನೀವೇ!"

ರಂಗಯ್ಯ ಕೆಂಪಕ್ಕನ ಮುಖ ನೋಡಿದ, ಕೆಂಪಕ್ಕ ರಂಗಯ್ಯನ ಮುಖ ನೋಡಿದಳು.

"ಅಯ್ಯೋ ಶಿವನೇ, ಹೂಂ ಮುರಿಯೋದು ವಾರಕ್ಕೊಂದ್ ಸಲ ಇದ್ದದ್ದೇ" ಅಂದಳು ಕೆಂಪಕ್ಕ. "ಒಂದು ತೆಂಗಿನಕಾಯಿ ಒಡೆದು ತಪ್ಪಾಯ್ತು ಅಂದ್ರೆ ಮುಗೀತು. ಕತೆ ನಿಂತ ತಾವಿಂದ 'ಹೂಂ, ಆಮ್ಯಾಕೆ' ಅಂತ ಹೋಗ್ತಾ ಇರ್ತದೆ."

"ಹಂಗಾದ್ರೆ ಮೊದಲಿಂದ ಅಂದಿದ್ದು?"

"ಅಂಗನ್ನದಿದ್ರೆ ಅಷ್ಟು ದೊಡ್ಡ ಮನುಷ್ಯ ನಮ್ ಹಟ್ಟಿ ಕತೆಗೆ ಎರಡು ಗಂಟೆ ಕೂರ್ತಿದ್ರಾ?" ರಂಗಯ್ಯ ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟ. "ಅದು ಪರವೂರೋರಿಗೆ ಹೇಳೋ ಮಾತು ಕಣ್ ಮೇಷ್ಟ್ರೆ. ನೀವು ನಮ್ಮೋರು, ನಿಮಗ್ಯಾಕೆ ಅದೆಲ್ಲ?"